ಒಂದೇ ಸೆಕೆಂಡಿನ ಹೆಸರು

"ಅಲ್ಲ ಕಣೋ, ನನ್ನ ರಕ್ತವೆಲ್ಲ ಚೆನ್ನಾಗಿದೆಯಂತೆ. ಆದರೆ ನಾನು ಒಂಬತ್ತು ವರ್ಷದ ಗಂಡು ಹುಡುಗನಂತೆ!"

ಫೋನಿನಲ್ಲಿ ಅತ್ತಿಗೆ ನಕ್ಕರು. ಆ ನಗುವಿನ ಅಡಿಯ ನಡುಕ ಮೈದುನನಿಗೆ ಕೇಳಿಸದೆ ಇರಲಿಲ್ಲ. ಮೂರು ವಾರದಿಂದ ಅವರನ್ನು ಬಿಡದ ಜ್ವರ ಯಾತರದೆಂದು ಆ ರಕ್ತಪರೀಕ್ಷೆಯ ವರದಿಯೇ ಹೇಳಬೇಕಿತ್ತು. ವರದಿಗಳನ್ನು ರೋಗಿಗಳ ಫೋನಿಗೆ ತಲುಪಿಸುವ ಪ್ರೋಗ್ರಾಮನ್ನು ಬರೆದವನು ಅವನೇ.

"ನಾನು ತೆಗೆದು ನೋಡಲೇ ಅತ್ತಿಗೆ?"

"ಬೇಡಪ್ಪಾ. ಮೊದಲು ನಾನು ಓದ್ತೀನಿ. ನೀನು ನಿನ್ನ ಯಂತ್ರಕ್ಕೆ ಬುದ್ಧಿ ಹೇಳು."

ರಕ್ತಪರೀಕ್ಷೆಯ ಲ್ಯಾಬಿನ ಹಿಂಬದಿಯ ಕೋಣೆಯಲ್ಲಿ ಕುಳಿತು, ತನ್ನದೇ ಹಳೆಯ ವರದಿಯೊಂದನ್ನು ಹತ್ತು ಸಲ ತರಿಸಿಕೊಂಡ. ಹತ್ತು ಸಲವೂ ಅವನದೇ ಬಂತು. ತಪ್ಪು ಸಿಕ್ಕಿದ್ದರೆ ಸಮಾಧಾನವಾಗುತ್ತಿತ್ತು. ಎಲ್ಲ ಸರಿಯಾಗಿದ್ದುದರಿಂದಲೇ ತಲೆ ಕೆಟ್ಟಿತು. ಯಾರಾದರೂ ವರದಿ ಕೇಳಿದರೆ ಲ್ಯಾಬಿನ ಸರ್ವರ್ ಕಂಪ್ಯೂಟರು ಅದನ್ನೊಂದು ತಾತ್ಕಾಲಿಕ ಫೈಲಿಗೆ ಬರೆದು, ಕಳಿಸಿ, ಅಳಿಸಿಬಿಡುತ್ತಿತ್ತು. ಆ ಕ್ಷಣದ ಗಂಟೆ, ನಿಮಿಷ, ಸೆಕೆಂಡುಗಳನ್ನೇ ಫೈಲಿನ ಹೆಸರಾಗಿಸಿದ್ದ. ದಿನಕ್ಕೆ ನೂರು ಜನ ಬರುವಲ್ಲಿ ಒಂದೇ ಸೆಕೆಂಡಿಗೆ ಇಬ್ಬರು ಬಂದಾರೆಯೇ ಎಂಬ ಧೈರ್ಯ ಅವನದು.

ಕೌಂಟರಿನಾಕೆ ಒಳಗೆ ಇಣುಕಿದಳು. "ಸಾರ್, ಹನ್ನೊಂದು ಹೊಡೆದ ತಕ್ಷಣ ಎಲ್ರಿಗೂ ಒಟ್ಟಿಗೆ ಮೆಸೇಜು ಬಿಡ್ತೀವಲ್ಲ, ಆಗ ಎಲ್ರೂ ಮುಗಿಬೀಳ್ತಾರೆ. ನೀವೊಬ್ರೇ ಖಾಲಿ ಬಾಗಿಲಲ್ಲಿ ನಿಂತ್ಕೊಂಡು ನೂಕುನುಗ್ಗಲು ಎಲ್ಲಿ ಅಂದ್ರೆ ಕಾಣುತ್ತಾ?"

ಅವನು ಪೆಚ್ಚಾದ. ಒಂದೇ ಸೆಕೆಂಡಿನಲ್ಲಿ ಕೇಳಿದ್ದರಿಂದ ಎರಡಕ್ಕೂ ಒಂದೇ ಹೆಸರು ಬಿದ್ದು, ಅತ್ತಿಗೆಯ ವರದಿಯ ಮೇಲೆಯೇ ಆ ಹುಡುಗನದು ಬರೆದುಹೋಗಿತ್ತು. ಮೊದಲು ವರದಿ ಸಿಗುವ ಸೈಟನ್ನು ಮುಚ್ಚಿದ. ಬೆಳಿಗ್ಗೆ ವರದಿ ಪಡೆದವರಿಗೆಲ್ಲ ಫೋನು ಮಾಡಿ, ಅದು ಬೇರೆಯವರದಿರಬಹುದೆಂದು ತಿಳಿಸಲು ಕೌಂಟರಿನಾಕೆಯನ್ನು ಕೋರಿದ. ಬಳಿಕ ಹೆಸರಿಡುವ ಗೊಡವೆಯನ್ನೇ ಬಿಟ್ಟು ಅದನ್ನು ಸರ್ವರ್ ಕಂಪ್ಯೂಟರಿಗೇ ಒಪ್ಪಿಸಿದ: ಯಾರೂ ಊಹಿಸಲಾಗದ ಹೆಸರು, ಆ ಹೆಸರಿನದು ಮೊದಲೇ ಇದ್ದರೆ ಬೇರೊಂದು, ಬೇರಾರೂ ತೆರೆಯಲಾಗದ ಫೈಲು. ಏಕಕಾಲಕ್ಕೆ ಐವತ್ತು ಸಲ ಕೇಳಿ ನೋಡಿದ ಮೇಲೆಯೇ ಸೈಟನ್ನು ಮತ್ತೆ ತೆರೆದದ್ದು.

"ಈಗ ನೋಡಿ ಅತ್ತಿಗೆ."

"ವಯಸ್ಸು ಅರವತ್ತೆರಡು. ಹೆಣ್ಣು. ಸದ್ಯ, ನಾನೇ!" ಆಮೇಲೆ ಸಂಖ್ಯೆಗಳನ್ನು ಒಂದೊಂದಾಗಿ ಮೆಲ್ಲಗೆ ಓದಿಕೊಂಡರು. "ಬಿಳಿ ರಕ್ತಕಣ ತುಂಬಾ ಜಾಸ್ತಿಯಂತೆ ಕಣೋ. ತಡಮಾಡದೆ ದೊಡ್ಡ ಡಾಕ್ಟರನ್ನ ನೋಡಬೇಕಂತೆ."

ಅವನು ಆಗಲೇ ದೊಡ್ಡ ಡಾಕ್ಟರೊಬ್ಬರ ನಂಬರನ್ನು ಹುಡುಕತೊಡಗಿದ.

"ಆ ಹುಡುಗನಿಗೆ ಏನೂ ಇಲ್ಲ ಅಲ್ವಾ?" ಅತ್ತಿಗೆಯೇ ಕೇಳಿದರು. "ಪಾಪ, ಅವನಮ್ಮ ನನ್ನ ವರದಿ ಹಿಡ್ಕೊಂಡು ಕೂತಿದ್ರೆ? ಬೇಗ ಅವರಿಗೆ ತಿಳಿಸೋ."

ಎದುರಿನ ಪರದೆಯ ಮೇಲೆ ಪ್ರತಿಯೊಂದು ವರದಿಯೂ ಅವರವರಿಗೇ ತಪ್ಪದೆ ತಲುಪುತ್ತಿತ್ತು. ಅದಕ್ಕೆ ಹಿಗ್ಗಬೇಕೋ ಕುಗ್ಗಬೇಕೋ ತಿಳಿಯದೆ, ಅವನು "ಹ್ಞೂಂ ಅತ್ತಿಗೆ" ಎಂದಷ್ಟೇ ಅಂದ.