ಫೌಸ್ಟಿನ್ ಸಾವಿನ ಸುದ್ದಿ ಕಾಣದ ಬೆಳಿಗ್ಗೆ

ಅಜೆಕಾರಿನ ಆಚೆ ಒಂದು ಸಣ್ಣ ಇಗರ್ಜಿ. ಅದಕ್ಕೊಂದು ವೆಬ್‌ಸೈಟ್ ಉಂಟು. ಪೂಜೆಯ ಸಮಯ, ಮದುವೆ, ಸಾವು ಎಲ್ಲ ಅದರಲ್ಲೇ. ಒಂಬತ್ತು ವರ್ಷ ಅದನ್ನು ನಡೆಸಿದವಳು ನಿವೃತ್ತ ಟೈಪಿಂಗ್ ಟೀಚರ್ ವಿಲ್ಮಾ. ಬರಹಗಳನ್ನು ಪುಟಗಳಾಗಿ ಕಟ್ಟಿಕೊಡುವ ಪ್ರೋಗ್ರಾಂ ಅವಳ ಹಳೆಯ ಲ್ಯಾಪ್‌ಟಾಪಿನಲ್ಲಿ ಮಾತ್ರ ಓಡುತ್ತಿತ್ತು. ಯಾವ ಸುದ್ದಿ ಹಾಕಬೇಕಾದರೂ ಅವಳ ಜಗಲಿ ಹತ್ತಲೇಬೇಕು. ಅದು ಅವಳಿಗೆ ಹಿತವಾಗಿತ್ತು.

ಹೋದ ವರ್ಷ ಪಕ್ಕದ ಮನೆಗೆ ಸೊಸೆಯಾಗಿ ಬಂದ ಲವಿಟಾ ಮಣಿಪಾಲದ ಕಂಪನಿಯೊಂದರಲ್ಲಿ ಕೆಲಸ ಮಾಡುವವಳು. ಆ ಪ್ರೋಗ್ರಾಂ ಅನ್ನು ಎರಡೇ ಸಂಜೆಯಲ್ಲಿ ಕಂಟೇನರ್ ಎಂಬ ಸಾಫ್ಟ್‌ವೇರಿನೊಳಗೆ ಕೂರಿಸಿಬಿಟ್ಟಳು.

"ಡಬ್ಬಿ ಇದ್ದ ಹಾಗೆ, ಆಂಟಿ. ಬೇಕಾದ್ದೆಲ್ಲ ಒಳಗೇ ಉಂಟು. ಹೆಸರು, ಭಾಷೆ, ವಿಳಾಸ ಈ ಒಂದು ಫೈಲಿನಲ್ಲಿ ಬರೆದರಾಯಿತು. ಯಾರ ಕಂಪ್ಯೂಟರಿನಲ್ಲೂ ಓಡುತ್ತದೆ."

ಯಾರ ಕಂಪ್ಯೂಟರಿನಲ್ಲೂ! ಆ ಮಾತು ವಿಲ್ಮಾಳ ಗಂಟಲಲ್ಲಿ ಮೀನಿನ ಮುಳ್ಳಾಯಿತು. ಭಾನುವಾರ ಪಾದ್ರಿಗಳು ಲವಿಟಾಳನ್ನು ಹೊಗಳಿದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ವಿಲ್ಮಾ ಮಡಿಲಲ್ಲಿದ್ದ ಕೊಡೆಯ ಮಡಿಕೆ ಸರಿಮಾಡುತ್ತ ಕೂತಳು.

ಒಂದು ಗುರುವಾರ ನಸುಕಿಗೆ ಇಗರ್ಜಿಯ ಹಾಡುಗಾರ ಫೌಸ್ಟಿನ್ ತೀರಿಕೊಂಡ. ಮಧ್ಯಾಹ್ನ ಮೂರಕ್ಕೆ ಮಣ್ಣು. ಪ್ರಕಟಣೆಯ ಸಮಯ ಬೆಳಿಗ್ಗೆ ಎಂಟು ಗಂಟೆಯೆಂದು ನಮೂದಿಸಿ ಲವಿಟಾ ಸುದ್ದಿ ಹಾಕಿದಳು. ಸೈಟಿನಲ್ಲಿ ಅದು ಕಾಣಲೇ ಇಲ್ಲ. "ಆಂಟಿ, ಈಗಷ್ಟೇ ಪುನಃ ಓಡಿಸಿದೆ. ಎಂತ ಆಯಿತೆಂದು ಗೊತ್ತಾಗುತ್ತಿಲ್ಲ," ಎಂದು ವಿಲ್ಮಾಳಿಗೆ ಮೆಸೇಜ್ ಕಳಿಸಿದಳು.

ವಿಲ್ಮಾ ಸೈಟ್ ತೆರೆದು ಪುಟದ ಅಡಿಗೆ ಕಣ್ಣು ಹಾಯಿಸಿದಳು. ಕೊನೆಯ ಬದಲಾವಣೆ, 2.40. ಗೋಡೆಯ ಗಡಿಯಾರದಲ್ಲಿ ಎಂಟೂ ಹತ್ತು. ತಿಳಿದುಹೋಯಿತು: ಡಬ್ಬಿಯೊಳಗಿನ ಗಡಿಯಾರ ಹೊರದೇಶದ ಸಮಯದಲ್ಲಿ, ಐದೂವರೆ ಗಂಟೆ ಹಿಂದೆ ಉಂಟು. ಎಂಟು ಗಂಟೆ ಇನ್ನೂ ಆಗಿಲ್ಲವೆಂದು ಅದು ಸುದ್ದಿಯನ್ನು ತಡೆದಿಟ್ಟಿದೆ. ಹಿಂದೊಮ್ಮೆ ವಿಲ್ಮಾಳೇ ನಾಳೆಯ ತಾರೀಕು ಬರೆದು, ಸುದ್ದಿ ಕಾಣದೆ ಇಡೀ ದಿನ ಒದ್ದಾಡಿದ್ದಳು.

ಉತ್ತರ ಬರೆಯಲಿಲ್ಲ. ಚಹಾ ಮಾಡಿಕೊಂಡಳು. ಅಷ್ಟು ರುಚಿಯ ಚಹಾ ಕುಡಿಯದೆ ತಿಂಗಳುಗಳೇ ಆಗಿದ್ದವು.

ಹತ್ತು ಗಂಟೆಗೆ ಕಾಪುವಿನಿಂದ ಇಮ್ಯಾನುಯೆಲ್ ಫೋನ್ ಮಾಡಿದರು. ಫೌಸ್ಟಿನ್ ಜೊತೆ ಮೂವತ್ತು ವರ್ಷ ಹಾಡಿದವರು.

"ವಿಲ್ಮಾ, ಫೌಸ್ಟಿನ್ ಹೋದನಂತೆ, ಹೌದಾ? ಸೈಟಿನಲ್ಲಿ ಎಂತದೂ ಇಲ್ಲ. ಸುಳ್ಳು ಅಲ್ವಾ ಮಾರಾಯ್ತಿ?"

ಮುದುಕನ ಸ್ವರದಲ್ಲಿ ಆಸೆಯಿತ್ತು. ವಿಲ್ಮಾಳಿಗೆ ಅದನ್ನು ಕೇಳಿ ತಡೆದುಕೊಳ್ಳಲಾಗಲಿಲ್ಲ.

"ಹೌದು. ಮೂರು ಗಂಟೆಗೆ ಮಣ್ಣು. ಈಗಲೇ ಹೊರಡಿ," ಎಂದವಳೇ ಚಪ್ಪಲಿ ಮೆಟ್ಟಿ ಪಕ್ಕದ ಮನೆಗೆ ನಡೆದಳು.

"ನಿನ್ನ ಡಬ್ಬಿಗೆ ನಮ್ಮ ದೇಶದ ಸಮಯ ಹೇಳು."

ಲವಿಟಾ ಫೈಲಿಗೆ ಒಂದು ಸಾಲು ಸೇರಿಸಿ ಮತ್ತೆ ಓಡಿಸಿದಳು. ಫೌಸ್ಟಿನ್‌ನ ಫೋಟೋ ಬಂತು.

"ಹೇಗೆ ಗೊತ್ತಾಯಿತು, ಆಂಟಿ?"

"ಪುಟದ ಅಡಿಯಲ್ಲಿದ್ದ ಗಂಟೆ ನೋಡಿ."

"ಯಾವಾಗ ನೋಡಿದಿರಿ?"

ಸುಳ್ಳು ಹೇಳಬಹುದಿತ್ತು. "ಎಂಟೂ ಹತ್ತಕ್ಕೆ," ಎಂದಳು ವಿಲ್ಮಾ.

ಲವಿಟಾ ಒಮ್ಮೆ ಅವಳ ಮುಖ ನೋಡಿ ಪರದೆಯ ಕಡೆ ತಿರುಗಿಕೊಂಡಳು.

ಮಣ್ಣು ಮುಗಿದ ಮೇಲೆ ಪಾದ್ರಿಗಳು ಕೇಳಿದರು, "ಬೆಳಿಗ್ಗೆ ಎಂತ ತೊಂದರೆ, ಲವಿಟಾ?"

"ನನ್ನದೇ ತಪ್ಪು, ಫಾದರ್. ಸರಿಯಾಯಿತು."

ವಿಲ್ಮಾಳ ಹೆಸರನ್ನು ಅವಳು ಒಳ್ಳೆಯದಕ್ಕೂ ಎತ್ತಲಿಲ್ಲ, ಕೆಟ್ಟದ್ದಕ್ಕೂ ಎತ್ತಲಿಲ್ಲ. ಸರಿಮಾಡಿಸಿದ್ದು ನಾನು ಎಂಬ ಮಾತು ವಿಲ್ಮಾಳ ನಾಲಿಗೆಯ ತುದಿಗೆ ಬಂತು. ಹೇಳಿದರೆ ಆ ಎರಡು ಗಂಟೆಯ ಕಥೆಯನ್ನೂ ಹೇಳಬೇಕಿತ್ತು. ಇಷ್ಟು ಸಣ್ಣ ಹುಡುಗಿಗೆ ಬಾಯಿ ಮುಚ್ಚಿಕೊಂಡಿರುವುದೂ ಬರುತ್ತದಲ್ಲ ಎಂದು ವಿಲ್ಮಾಳ ಹೊಟ್ಟೆ ಉರಿಯಿತು.