ಪಾಲಿಗೆ ಬಿಟ್ಟ ಆಡು

ಡಾಕ್ಟರು ಕೇಳಿದ್ದು ಸಣ್ಣ ಪ್ರಶ್ನೆ. "ಮನ್ಯಾಗ ಆಡು, ಕುರಿ ಏನರ ಅದಾವೇನ್ರಿ?"

ಶಿವಗಂಗಾ ಬಾಯಿ ತೆರೆಯುವ ಮೊದಲೇ ಮಾವ ದ್ಯಾಮಪ್ಪ ಎದೆ ಮೇಲಿನ ಲಿಂಗ ಮುಟ್ಟಿಕೊಂಡು ಹೇಳಿದ: "ಲಿಂಗ ಕಟ್ಟಿದ ಮನಿ ನಮ್ದು, ಸಾಹೇಬ್ರ. ಕಟುಕರ ಕೈಗೆ ಹೋಗೂ ಜೀವ ನಾವು ಸಾಕೂದಿಲ್ಲ."

ಡಾಕ್ಟರು ತಲೆಯಾಡಿಸಿ ಅದೇ ಇಂಜೆಕ್ಷನ್ ಮುಂದುವರಿಸಿದರು. ಅವಳ ಗಂಡ ವೀರೇಶ ನ್ಯುಮೋನಿಯಾ ಎಂದು ಮುಂಡಗೋಡದ ಆ ಸಣ್ಣ ಆಸ್ಪತ್ರೆ ಸೇರಿ ಅಂದಿಗೆ ಎರಡು ದಿನ.

ಮಾವ ಮಾತಾಡಿದ ಮೇಲೆ ಸೊಸೆ ಮಾತಾಡುವುದುಂಟೇ? ವೈದ್ಯರ ಮುಂದೆ ಮುಚ್ಚಿಡಬಾರದೆಂದು ಊರೆಲ್ಲ ಹೇಳುತ್ತದೆ. ಮುಚ್ಚಿಡುವುದನ್ನು ಕಲಿಸುವುದೂ ಅದೇ ಊರು. ಇಂದೂರು ಎಂಬ ಹಳ್ಳಿಯ ತಮ್ಮ ಮನೆಯಲ್ಲಿ ಆಡಿಲ್ಲ ಎಂಬುದು ಸುಳ್ಳೇನಲ್ಲ. ಆಡುಗಳಿದ್ದದ್ದು ಸನವಳ್ಳಿ ಎಂಬ ಇನ್ನೊಂದು ಊರಲ್ಲಿ, ದುರ್ಗವ್ವ ಎಂಬಾಕೆಯ ಹಿತ್ತಿಲಲ್ಲಿ. ಪಾಲಿಗೆ ಬಿಟ್ಟದ್ದು: ವೀರೇಶ ಕೊಡಿಸಿದ್ದು, ಆಕೆ ಮೇಯಿಸುವುದು, ಮರಿ ಅರ್ಧರ್ಧ. "ಅಪ್ಪಗ ಹೇಳಿದ್ರ ನನ್ನಾಣಿ" ಎಂದು ಹೆಂಡತಿಯ ಬಾಯಿ ಕಟ್ಟಿದ್ದ. ಮೂರು ವಾರದ ಹಿಂದೆ ಗಬ್ಬದ ಆಡೊಂದು ತಿಂಗಳು ತುಂಬುವ ಮೊದಲೇ ಕಂದು ಹಾಕಿತು. ಸತ್ತ ಮರಿಯನ್ನು ವೀರೇಶ ಬರಿಗೈಯಲ್ಲೇ ಎಳೆದ. ರಕ್ತವಾದ ಅವನ ಅಂಗಿಯನ್ನು ಶಿವಗಂಗಾಳೇ ಯಾರಿಗೂ ಕಾಣದಂತೆ ಒಗೆದಿದ್ದಳು.

ನಾಲ್ಕನೆಯ ದಿನ ವೀರೇಶನ ಎದೆ ಕಮ್ಮಾರನ ತಿದಿಯಂತೆ ಏಳತೊಡಗಿತು. ತುಟಿ ನೀಲಿಯಾಯಿತು. ಆಣೆ ಹಾಕಿದವನೇ ಹೊರಟು ನಿಂತರೆ ಆಣೆ ಕಾಯುವುದು ಯಾರಿಗಾಗಿ? ಮಾವನ ಎದುರಿಗೇ ಅವಳು ಡಾಕ್ಟರಿಗೆ ಎಲ್ಲ ಹೇಳಿಬಿಟ್ಟಳು.

"ಅಯ್ಯ ತಂಗಿ, ಮೊನ್ನೆನ ಹೇಳಬಾರದಾಗಿತ್ತೇನ? ಕಂದು ಹಾಕಿದ ಆಡಿನಿಂದ ಬರೂ ರೋಗದ ಹುಳ ಜೀವಕೋಶದ ಒಳಗ ಅಡಗಿ ಕುಂದರ್ತೈತಿ. ನಾ ಕೊಟ್ಟ ಇಂಜೆಕ್ಷನ್ ಅದಕ್ಕ ನಾಟೂದ ಇಲ್ಲ. ಒಳಗ ಹೋಗಿ ಹಿಡಿಯೂದು ಡಾಕ್ಸಿಸೈಕ್ಲಿನ್, ಸಾದಾ ಗುಳಿಗಿ."

ನುಂಗುವ ಶಕ್ತಿ ವೀರೇಶನಿಗೆ ಉಳಿದಿರಲಿಲ್ಲ. ಮೂಗಿನ ನಳಿಗೆಯಿಂದ ಔಷಧ ಇಳಿಸಿ, ಹುಬ್ಬಳ್ಳಿಗೆ ಒಯ್ಯಲು ಆಂಬುಲೆನ್ಸಿಗೆ ಫೋನು ಮಾಡಿಸಿದರು.

"ಆರಾಮ ಆಗ್ತಾರೇನ್ರಿ?"

"ಔಷಧಕ್ಕ ಎರಡು ಮೂರು ದಿನ ಬೇಕವ್ವಾ," ಎಂದರು ಡಾಕ್ಟರು. ವೀರೇಶನಿಗೆ ಅಷ್ಟು ದಿನ ಇದೆಯೇ ಎಂದು ಅವಳು ಅವನ ನೀಲಿ ತುಟಿ ನೋಡಿದಳು.

ದ್ಯಾಮಪ್ಪ ಮಗನ ಕಾಲ ಬಳಿ ಕುಳಿತಿದ್ದ. ಬೈಯುತ್ತಾನೆಂದು ಅವಳು ಕಾದಳು. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

"ನನಗ ಗೊತ್ತಿತ್ತವ್ವಾ," ಎಂದ ಮುದುಕ. "ಸನವಳ್ಳಿಗಿ ಹೋಗಿಬಂದ ದಿನಾ ಅಂವನ ಮೈ ಆಡಿನ ವಾಸನಿ ಹೊಡೀತಿತ್ತು. ನಾಕು ಮಂದಿ ಮುಂದ ಹೆಂಗ ಹೇಳಲಿ ಅಂತ..."

ನಾಲ್ಕು ದಿನ ಒಂದೇ ಬೆಂಚಿನ ಮೇಲೆ ಕುಳಿತು ಇಬ್ಬರೂ ಒಂದೇ ಗುಟ್ಟನ್ನು ಒಬ್ಬರಿಂದೊಬ್ಬರು ಬಚ್ಚಿಟ್ಟಿದ್ದರು. ಶಿವಗಂಗಾಳಿಗೆ ಅಳುವೂ ಬರಲಿಲ್ಲ. ಹೊರಗೆ ಆಂಬುಲೆನ್ಸ್ ಬಂದು ನಿಂತಿತು. ಅವಳು ಗಂಡನ ಕೈ ಹಿಡಿದಳು. ಆ ಕೈ ತಿರುಗಿ ಹಿಡಿಯಲಿಲ್ಲ.