ಫಲಾನುಭವಿ ಪ್ರಶಾಂತ್

ಚಂದ್ರಮೌಳಿಯವರಿಗೆ ಮನುಷ್ಯನ ಮನಸ್ಸು ಎರಡು ದಿನದಲ್ಲಿ ಅರ್ಥವಾಗಿತ್ತು. ವಿಶಾಖಪಟ್ಟಣದ ಬ್ಯಾಂಕೊಂದರಲ್ಲಿ ಅವರು ಅಧಿಕಾರಿ, ಊರು ತುಮಕೂರಿನ ಕಡೆ. ವಿಜಯವಾಡದ ಹೋಟೆಲೊಂದರಲ್ಲಿ ಎರಡು ದಿನ ತರಬೇತಿ ಪಡೆದು, ಅಂಗಿಗೆ ‘ಮನೋಮಿತ್ರ’ ಎಂಬ ಬಿಲ್ಲೆ ಸಿಕ್ಕಿಸಿಕೊಂಡು ಬಂದರು. ಆ ವರ್ಷ ಬ್ಯಾಂಕಿನ ಸಮಾಜಸೇವೆಗೆ ಮಾನಸಿಕ ಆರೋಗ್ಯದ ಸರದಿ. ಹಿಂದಿನ ವರ್ಷ ಸಸಿ ನೆಡುವುದಿತ್ತು, ಅದಕ್ಕೂ ಇವರೇ ಮುಂದಾಳು. ಸಸಿಗಳು ಏನಾದವೆಂದು ಯಾರೂ ಕೇಳಿರಲಿಲ್ಲ.

ಅಂದಿನಿಂದ ಅವರು ಕಾಲೇಜು, ಕಲ್ಯಾಣ ಮಂಟಪ, ಮಹಿಳಾ ಸಂಘ ಎನ್ನದೆ ಮಾತಾಡಿದರು. “ಕಾಯಿಲೆಯನ್ನು ಬಚ್ಚಿಡಬೇಡಿ. ನಿಮ್ಮವರನ್ನು ಕೋಣೆಯಲ್ಲಿ ಕೂಡಿಹಾಕಬೇಡಿ,” ಎಂದು ತುಮಕೂರಿನ ಧಾಟಿಯ ತೆಲುಗಿನಲ್ಲಿ ಹೇಳುವಾಗ ಅವರ ಕಣ್ಣು ನಿಜವಾಗಿಯೂ ಒದ್ದೆಯಾಗುತ್ತಿತ್ತು.

ವಿಶಾಖಪಟ್ಟಣದ ಅಂಚಿನ ಪೆಂಡುರ್ತಿಯಲ್ಲಿದ್ದ ಅವರ ಬಾಡಿಗೆ ಮನೆಯ ಹಿಂದಿನ ಕೋಣೆಯಲ್ಲಿ ಹೆಂಡತಿ ಶುಭಾಳ ತಮ್ಮ ಪ್ರಶಾಂತ್ ಇದ್ದ. ವಯಸ್ಸು ಮೂವತ್ತೆಂಟು. ಇಪ್ಪತ್ತೆರಡನೆಯ ವಯಸ್ಸಿನಿಂದ ಅವನಿಗೆ ಯಾರ್‍ಯಾರದೋ ದನಿ ಕೇಳಿಸುತ್ತಿತ್ತು. ಮಾತ್ರೆ ನುಂಗುತ್ತಿದ್ದರಿಂದ ಈಗೀಗ ಆ ದನಿಗಳು ದೂರದಲ್ಲಿದ್ದವು. ತೀರಾ ಹತ್ತಿರ ಬಂದಾಗ ಅವನು “ಆಮೇಲೆ ಮಾತಾಡೋಣ, ಕೆಲಸ ಇದೆ” ಎಂದು ಮರ್ಯಾದೆಯಿಂದಲೇ ಹೇಳಿ ಕಳಿಸುತ್ತಿದ್ದ. ಕೆಲಸವೆಂದರೆ ಇಸ್ತ್ರಿ. ಭಾವನ ಭಾಷಣದ ಅಂಗಿಗಳಿಗೆಲ್ಲ ಗೆರೆ ಮೂಡಿಸುತ್ತಿದ್ದವನು ಅವನೇ. ಮನೆಗೆ ಯಾರಾದರೂ ಬಂದರೆ ಮಾತ್ರ ಆ ಕೋಣೆಗೆ ಹೊರಗಿನಿಂದ ಚಿಲಕ ಬೀಳುತ್ತಿತ್ತು.

“ಅವನಿಗೇ ಗಾಬರಿ ಆಗುತ್ತೆ ಕಣೆ, ಅದಕ್ಕೇ ಹಾಕೋದು,” ಎನ್ನುತ್ತಿದ್ದರು ಚಂದ್ರಮೌಳಿ.

“ಗಾಬರಿ ಯಾರಿಗೆ ಅಂತ ನಂಗೊತ್ತು,” ಎಂದು ಶುಭಾ ಒಮ್ಮೆ ಅಂದಿದ್ದಳು. ಅವರು ಓದುತ್ತಿದ್ದ ಪೇಪರು ಮಡಚಲಿಲ್ಲ.

ಮಾತ್ರೆ ತರಲು ಸರ್ಕಾರಿ ಆಸ್ಪತ್ರೆಗೆ ಹೋಗುತ್ತಿದ್ದವಳು ಶುಭಾ. ಅಲ್ಲಿನ ಸಮಾಜ ಕಾರ್ಯಕರ್ತೆ ಸೀತಾಮಹಾಲಕ್ಷ್ಮಿಯ ತಾಯಿ ಬಳ್ಳಾರಿಯವರು, ತಂದೆ ಇಲ್ಲಿಯವರು. ಅವಳ ಕನ್ನಡ ಅರ್ಧ ದಾರಿಯಲ್ಲಿ ತೆಲುಗಾಗಿಬಿಡುತ್ತಿತ್ತು.

“ಭಾನುವಾರ ನಮ್ಮ ಹತ್ರ ಫ್ಯಾಮಿಲಿ ಮೀಟಿಂಗ್ ಇರ್ತದಂಡಿ. ತಮ್ಮನ್ನೂ ಕರ್ಕೊಂಡು ಬನ್ನಿ. ಭಾಷಣ ಏನೂ ಇರಲ್ಲ, ಭಯ ಬೇಡ.”

ಚಂದ್ರಮೌಳಿಯವರಿಗೆ ಭಾನುವಾರಗಳಲ್ಲಿ ಭಾಷಣವಿರುತ್ತಿದ್ದುದರಿಂದ ಹೆಂಡತಿ, ಬಾಮೈದ ಇಬ್ಬರೂ ಮನೆಯಲ್ಲಿಲ್ಲದ್ದು ಎಂಟು ತಿಂಗಳಾದರೂ ಅವರ ಗಮನಕ್ಕೆ ಬರಲಿಲ್ಲ.

ಅಕ್ಟೋಬರಿನಲ್ಲಿ ಬ್ಯಾಂಕು ವಿಜಯವಾಡದಲ್ಲಿ ದೊಡ್ಡ ಸಮಾರಂಭ ಇಟ್ಟುಕೊಂಡಿತು. ಚಂದ್ರಮೌಳಿಯವರಿಗೆ ‘ಉತ್ತಮ ಮನೋಮಿತ್ರ’ ಪ್ರಶಸ್ತಿ. ಮನೆಯವರನ್ನು ಕರೆದಿಲ್ಲ ಎಂದು ಶುಭಾಳಿಗೆ ಹೇಳಿ ಅವರು ಹಿಂದಿನ ದಿನವೇ ಹೊರಟರು. ಆದರೆ ಸಭಾಂಗಣ ದೊಡ್ಡದು, ತುಂಬಿಸಲು ಜನ ಬೇಕಿತ್ತು. ಪಕ್ಕದ ಇಬ್ರಾಹಿಂಪಟ್ನಂನಿಂದ ಎರಡು ಬಸ್ಸು ಜನ ಬಂದರು. ವಿಶಾಖಪಟ್ಟಣದಿಂದ ಸೀತಾಮಹಾಲಕ್ಷ್ಮಿಯ ಗುಂಪಿಗೂ ಕರೆ ಹೋಗಿತ್ತು.

ವೇದಿಕೆಯಲ್ಲಿ ಚಂದ್ರಮೌಳಿ ಮಾತು ಶುರುಮಾಡಿ, “ಪ್ರತಿ ಮನೆಯಲ್ಲೂ ಒಂದು ಮುಚ್ಚಿದ ಬಾಗಿಲು...” ಎಂದವರು ಮೂರನೆಯ ಸಾಲಿನಲ್ಲಿ ಶುಭಾಳನ್ನು ಕಂಡರು. ಪಕ್ಕದಲ್ಲಿ ಪ್ರಶಾಂತ್, ಕೊರಳಲ್ಲಿ ಗುರುತಿನ ಚೀಟಿ, ತೊಡೆಯ ಮೇಲೆ ಊಟದ ಪೊಟ್ಟಣ. ಚಂದ್ರಮೌಳಿ ನೀರು ಕುಡಿದರು. ಮುಂದಿನ ಮಾತು ಬಾಯಿಪಾಠವಾಗಿದ್ದರಿಂದ ತಾನಾಗಿಯೇ ಬಂತು.

ಕಾರ್ಯಕ್ರಮ ಮುಗಿದ ಮೇಲೆ ಪ್ರಶಾಂತ್ ಸೀದಾ ವೇದಿಕೆಗೆ ಬಂದ. ಭಾವನ ಅಂಗಿ ಭುಜದ ಹತ್ತಿರ ಮುದುಡಿತ್ತು, ಕೈಯಿಂದ ತೀಡಿ ಸರಿಮಾಡಿದ. ಪಕ್ಕದಲ್ಲಿದ್ದ ಜನರಲ್ ಮ್ಯಾನೇಜರ್ ದಕ್ಷಿಣಾಮೂರ್ತಿ ನಗುತ್ತಾ ಕೇಳಿದರು: “ಇವರು ಯಾರು?”

“ನಮ್ಮ ಫಲಾನುಭವಿ ಸರ್,” ಎಂದರು ಚಂದ್ರಮೌಳಿ.

ಮೆಟ್ಟಿಲ ಬಳಿ ನಿಂತಿದ್ದ ಶುಭಾ ಅದನ್ನು ಕೇಳಿಸಿಕೊಂಡಳು. ಫೋಟೋದವನೂ ಕೇಳಿಸಿಕೊಂಡ. ಮುಂದಿನ ತಿಂಗಳು ಬ್ಯಾಂಕಿನ ಪತ್ರಿಕೆಯಲ್ಲಿ ಚಿತ್ರ ಬಂತು: ಫಲಾನುಭವಿಯೊಬ್ಬರ ಜೊತೆ ಚಂದ್ರಮೌಳಿ. ಪ್ರಶಾಂತ್ ಅದನ್ನು ಬಹಳ ಹೊತ್ತು ನೋಡಿ, “ಭಾವ ಚೆನ್ನಾಗಿ ಬಂದಿದಾರೆ,” ಎಂದ. ಶುಭಾ ಗಂಡನೊಡನೆ ಜಗಳವಾಡಲಿಲ್ಲ. ಹಿಂದಿನ ಕೋಣೆಯ ಚಿಲಕವನ್ನು ಬಡಗಿಯಿಂದ ಕೀಳಿಸಿದಳು.

ಜೂನಿನಲ್ಲಿ ಪ್ರಶಸ್ತಿಯ ಫಲವಾಗಿ ಬಡ್ತಿ, ಬಡ್ತಿಯ ಫಲವಾಗಿ ವಿಜಯವಾಡಕ್ಕೆ ವರ್ಗ. ಚಂದ್ರಮೌಳಿ ಅಲ್ಲಿನ ಭವಾನಿಪುರಂನಲ್ಲಿ ನದಿ ಕಾಣುವ ಮನೆ ಹಿಡಿದು, ಸಾಮಾನು ಕಟ್ಟು ಎಂದರು.

“ನಿಮ್ಮ ಸಾಮಾನು ಕಟ್ತೀನಿ,” ಎಂದಳು ಶುಭಾ. “ಪ್ರಶಾಂತಂಗೆ ಆಸ್ಪತ್ರೆ ಪಕ್ಕದ ಪುನರ್ವಸತಿ ಕೇಂದ್ರದಲ್ಲಿ ಇಸ್ತ್ರಿ ಕೆಲಸ ಕೊಟ್ಟಿದಾರೆ. ದಿನಾ ಒಬ್ಬನೇ ಬಸ್ಸಲ್ಲಿ ಹೋಗ್ತಾನೆ. ಹದಿನಾರು ವರ್ಷ ಆದ್ಮೇಲೆ ಇದು. ನಾನು ಬರಲ್ಲ.”

“ಜನ ಏನಂತಾರೆ?”

“ನೀವು ಹೇಳೋದು ಕಲ್ತಿದೀರಲ್ಲ. ಏನಾದ್ರೂ ಹೇಳಿ.”

ಭವಾನಿಪುರಂನಲ್ಲಿ ಮಾತು ಕೇಳುವವರು ಇರಲಿಲ್ಲ. ಬ್ಯಾಂಕು ಈ ವರ್ಷ ಹಲ್ಲಿನ ಆರೋಗ್ಯಕ್ಕೆ ಹೊರಳಿತ್ತು. ಒಂದು ತಿಂಗಳಲ್ಲಿ ಅವರ ನಿದ್ದೆ ಹೋಯಿತು, ಎರಡನೆಯ ತಿಂಗಳು ಊಟ. ಸಭೆಗಳಲ್ಲಿ ಕೈ ನಡುಗತೊಡಗಿದಾಗ ಮೇಜಿನ ಕೆಳಗಿಟ್ಟುಕೊಂಡರು. ತರಬೇತಿಯಲ್ಲಿ ಕೊಟ್ಟ ಪುಸ್ತಕದಲ್ಲಿ ಈ ಲಕ್ಷಣಗಳೆಲ್ಲ ಒಂದೇ ಪುಟದಲ್ಲಿದ್ದವು. ಅವರು ಅದನ್ನು ಓದಿ, ಇದು ಆಸಿಡಿಟಿ ಎಂದು ತೀರ್ಮಾನಿಸಿದರು. ಕಡೆಗೆ ಒಂದು ಬೆಳಿಗ್ಗೆ ಬೂಟಿನ ಲೇಸು ಕಟ್ಟಲಾಗದೆ ಮಂಚದ ಮೇಲೆ ಕೂತು ಶುಭಾಳಿಗೆ ಫೋನು ಮಾಡಿದರು.

“ಏನೋ ಆಗ್ತಿದೆ ಕಣೆ. ಏನೂಂತ ಹೇಳಕ್ಕೆ ಬರ್ತಿಲ್ಲ.”

ಹೇಳಲು ಬರುತ್ತಿಲ್ಲ ಎಂಬ ಮಾತನ್ನು ಗಂಡನ ಬಾಯಲ್ಲಿ ಅವಳು ಕೇಳಿದ್ದು ಅದೇ ಮೊದಲು. “ಬನ್ನಿ,” ಎಂದಳು.

ಆ ಶನಿವಾರ ವಿಶಾಖಪಟ್ಟಣದ ಸರ್ಕಾರಿ ಆಸ್ಪತ್ರೆಯಲ್ಲಿ ಡಾಕ್ಟರು ನೋಡಿ ಮಾತ್ರೆ ಬರೆದುಕೊಟ್ಟರು. ಭಾನುವಾರ ಶುಭಾ, ಪ್ರಶಾಂತ್ ಇಬ್ಬರೂ ಚಂದ್ರಮೌಳಿಯವರನ್ನು ಮೀಟಿಂಗಿಗೆ ಕರೆದೊಯ್ದರು. ಹನ್ನೆರಡು ಜನ ವೃತ್ತಾಕಾರವಾಗಿ ಕುಳಿತಿದ್ದರು. ಸೀತಾಮಹಾಲಕ್ಷ್ಮಿ ಹೊಸಬರ ಪರಿಚಯ ಕೇಳಿದಳು. ಚಂದ್ರಮೌಳಿ ಎದ್ದು ನಿಂತು, ಗಂಟಲು ಸರಿಮಾಡಿಕೊಂಡು, “ಮಾನಸಿಕ ಆರೋಗ್ಯ ಎಂಬುದು ಇಂದಿನ ಸಮಾಜದಲ್ಲಿ...” ಎಂದು ಶುರುಮಾಡಿದರು.

“ಕೂತ್ಕೊಂಡೇ ಹೇಳಂಡಿ,” ಎಂದಳು ಸೀತಾಮಹಾಲಕ್ಷ್ಮಿ. “ಸಮಾಜದ್ದು ಬೇಡ. ನಿಮ್ದು.”

ಅವರು ಕುಳಿತರು. ಅಂಗಿಯ ಮೇಲೆ ಬಿಲ್ಲೆಯಿರುತ್ತಿದ್ದ ಜಾಗವನ್ನು ಸವರಿಕೊಂಡರು. ಯಾರೂ ಅವಸರಪಡಿಸಲಿಲ್ಲ. ಪ್ರಶಾಂತ್ ಮಾತ್ರ ಪಕ್ಕದವರಿಗೆ ಮೆಲ್ಲಗೆ, “ಇವರು ನಮ್ಮ ಭಾವ,” ಎಂದು ಪರಿಚಯ ಮಾಡಿಕೊಟ್ಟ.